175 ಅಶ್ವಶಕ್ತಿ ಕಡಿಮೆ, ಎರಡೂವರೆ ಸೆಕೆಂಡು ಮುಂದೆ

2017ರಲ್ಲಿ ಪೋರ್ಷೆ ಕಂಪನಿ ತನ್ನ 911 ಜಿಟಿ2 ಆರ್‌ಎಸ್ ಕಾರನ್ನು ಜರ್ಮನಿಯ ರೇಸ್ ರಸ್ತೆಯಾದ ನೂರ್ಬರ್ಗ್‌ರಿಂಗ್‌ನಲ್ಲಿ ಓಡಿಸಿತು. 700 ಅಶ್ವಶಕ್ತಿ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಎರಡು ಟರ್ಬೊ. ಗರಿಷ್ಠ ವೇಗ ಗಂಟೆಗೆ 340 ಕಿ.ಮೀ. ಚಾಲಕ ಲಾರ್ಸ್ ಕೆರ್ನ್ 20.6 ಕಿ.ಮೀ. ಸುತ್ತನ್ನು 6 ನಿಮಿಷ 47.3 ಸೆಕೆಂಡಿನಲ್ಲಿ ಮುಗಿಸಿದರು.

ಐದು ವರ್ಷದ ಮೇಲೆ, 2022ರಲ್ಲಿ, ಅದೇ ಕಂಪನಿ ಅದೇ ರಸ್ತೆಗೆ 911 ಜಿಟಿ3 ಆರ್‌ಎಸ್ ತಂದಿತು. ಇದಕ್ಕೆ ಟರ್ಬೊ ಇಲ್ಲ. 525 ಅಶ್ವಶಕ್ತಿ ಅಷ್ಟೇ. ಗರಿಷ್ಠ ವೇಗ 296 ಕಿ.ಮೀ. ಸರಿ, ತೂಕವಾದರೂ ತುಂಬಾ ಕಡಿಮೆಯಾಗಿತ್ತಾ? ಇಲ್ಲ. ಹಳೆಯದು 1470 ಕೆ.ಜಿ., ಹೊಸದು 1450. ವ್ಯತ್ಯಾಸ 20 ಕೆ.ಜಿ. ಅಷ್ಟೇ. ಆದರೂ ಯೋರ್ಗ್ ಬರ್ಗ್‌ಮೈಸ್ಟರ್ ಅದೇ 20.6 ಕಿ.ಮೀ.ಯನ್ನು 6 ನಿಮಿಷ 44.8 ಸೆಕೆಂಡಿನಲ್ಲಿ ಓಡಿಸಿದರು. 175 ಅಶ್ವಶಕ್ತಿ ಕಡಿಮೆ ಇರುವ ಕಾರು ಸುಮಾರು ಎರಡೂವರೆ ಸೆಕೆಂಡು ಮುಂದೆ.

ನನಗೆ ಈ ಎರಡು ಅಂಕಿ ಮನಸ್ಸಿನಿಂದ ಹೋಗುವುದೇ ಇಲ್ಲ. ಕಾರಿನ ಬಗ್ಗೆ ಮಾತು ಬಂದಾಗ ನಾವೆಲ್ಲ ಮೊದಲು ಕೇಳುವುದು ಎಂಜಿನ್ ಎಷ್ಟು ಪವರ್ ಕೊಡುತ್ತೆ ಅಂತ, ಅಲ್ವಾ? ಆ ಪ್ರಶ್ನೆಗೆ ಸಿಗುವ ಉತ್ತರದಿಂದ ಲ್ಯಾಪ್ ಸಮಯ, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯ, ಏಕೆ ತಿಳಿಯುವುದಿಲ್ಲ ಎಂಬುದನ್ನು ಈ ಎರಡು ಕಾರು ಚೆನ್ನಾಗಿ ಕಲಿಸುತ್ತವೆ.

ಮೊದಲು ರಸ್ತೆಯನ್ನು ನೋಡೋಣ. ನೂರ್ಬರ್ಗ್‌ರಿಂಗ್‌ನ ಉತ್ತರದ ಸುತ್ತಿಗೆ ನಾರ್ಡ್‌ಶ್ಲೈಫೆ ಅಂತ ಹೆಸರು. ಐಫೆಲ್ ಬೆಟ್ಟಗಳ ಕಾಡಿನ ನಡುವೆ, ಒಂದು ಹಳೆಯ ಕೋಟೆಯ ಸುತ್ತ, ಇದು 1927ರಲ್ಲಿ ಶುರುವಾಯಿತು. ಪೂರ್ತಿ ಸುತ್ತು 20.832 ಕಿ.ಮೀ. ಹಿಂದೆಲ್ಲ ಕೊನೆಯ ಸುಮಾರು 200 ಮೀಟರ್ ಬಿಟ್ಟು ಸಮಯ ಅಳೆಯುತ್ತಿದ್ದರು, 20.6 ಬಂದಿದ್ದು ಹಾಗೆ. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಎಪ್ಪತ್ತಕ್ಕೂ ಹೆಚ್ಚು ತಿರುವು. ಕೆಲವು ಕಡೆ ರಸ್ತೆ ಏರಿ ಥಟ್ಟನೆ ಇಳಿಯುತ್ತದೆ, ಕಾರು ನೆಲ ಬಿಡುತ್ತದೆ. ರೇಸ್ ಚಾಲಕ ಜಾಕಿ ಸ್ಟೀವರ್ಟ್ ಇದನ್ನು ಹಸಿರು ನರಕ ಎಂದು ಕರೆದಿದ್ದರು. ಕೊನೆಯಲ್ಲಿ ಮಾತ್ರ ಎರಡು ಕಿ.ಮೀ.ಗೂ ಉದ್ದದ ನೇರ ದಾರಿ ಇದೆ, ಅದರ ಹೆಸರು ಡಾಟಿಂಗರ್ ಹೋಹೆ.

ಈಗ ಒಂದು ಸಣ್ಣ ಲೆಕ್ಕ. ನೇರ ದಾರಿಯ 100 ಮೀಟರ್ ತಗೊಳ್ಳಿ. ಕಾರು 250 ಕಿ.ಮೀ. ವೇಗದಲ್ಲಿ ಹೋದರೆ 1.44 ಸೆಕೆಂಡು ಬೇಕು. ವೇಗವನ್ನು ಹತ್ತು ಪ್ರತಿಶತ ಏರಿಸಿ 275 ಮಾಡಿದರೆ 1.31. ಉಳಿದಿದ್ದು 0.13 ಸೆಕೆಂಡು. ಇನ್ನು ಬಿಗಿಯಾದ ತಿರುವಿನ 100 ಮೀಟರ್. 60 ಕಿ.ಮೀ. ವೇಗದಲ್ಲಿ 6 ಸೆಕೆಂಡು. ಅದೇ ಹತ್ತು ಪ್ರತಿಶತ ಏರಿಸಿ 66 ಮಾಡಿದರೆ 5.45. ಉಳಿದಿದ್ದು 0.55 ಸೆಕೆಂಡು, ನಾಲ್ಕು ಪಟ್ಟು ಜಾಸ್ತಿ. ನಿಧಾನವಾಗಿ ಹೋಗುವ ಜಾಗದಲ್ಲೇ ಕಾರು ಹೆಚ್ಚು ಹೊತ್ತು ಇರುತ್ತದೆ. ಹಾಗಾಗಿ ಸಮಯ ಉಳಿಸಬಹುದಾದ ಜಾಗವೂ ಅದೇ. ಜಿಟಿ2 ಆರ್‌ಎಸ್‌ನ ಸರಾಸರಿ ವೇಗ ಲೆಕ್ಕ ಹಾಕಿದರೆ 182 ಕಿ.ಮೀ. ಜಿಟಿ3 ಆರ್‌ಎಸ್‌ನದು 183. ಗರಿಷ್ಠ ವೇಗದಲ್ಲಿ 44 ಕಿ.ಮೀ. ಹಿಂದಿರುವ ಕಾರು ಸರಾಸರಿಯಲ್ಲಿ ಒಂದು ಕಿ.ಮೀ. ಮುಂದೆ.

ಹಾಗಾದರೆ ಪವರ್ ಸುಮ್ನೆ ದಂಡವಾ? ಖಂಡಿತ ಅಲ್ಲ. ಡಾಟಿಂಗರ್ ಹೋಹೆಯ ಎರಡು ಕಿ.ಮೀ.ಯಲ್ಲಿ ಸರಾಸರಿ 260ರ ಬದಲು 280 ಕಿ.ಮೀ. ವೇಗ ಸಿಕ್ಕರೆ ಅಲ್ಲೇ ಎರಡು ಸೆಕೆಂಡು ಉಳಿಯುತ್ತದೆ. ಏರು ದಾರಿಯಲ್ಲೂ ಪವರ್ ಬೇಕು. ಆದರೆ ಅದಕ್ಕೆ ಎರಡು ಕಡೆಯಿಂದ ಕಡಿವಾಣ ಇದೆ. ಹೆಚ್ಚು ವೇಗದಲ್ಲಿ ಗಾಳಿ ಅಡ್ಡ ನಿಲ್ಲುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಎಂಜಿನ್ ಶಕ್ತಿಯನ್ನು ಎರಡು ಪಟ್ಟು ಮಾಡಿದರೂ ಗರಿಷ್ಠ ವೇಗ ಏರುವುದು ಸುಮಾರು ಕಾಲು ಭಾಗ ಮಾತ್ರ. ಕಡಿಮೆ ವೇಗದಲ್ಲಿ ಟೈರು ಅಡ್ಡ ನಿಲ್ಲುತ್ತದೆ. ಎಂಜಿನ್ ಎಷ್ಟೇ ತಳ್ಳಲಿ, ಟೈರು ನೆಲವನ್ನು ಕಚ್ಚಿದಷ್ಟು ಮಾತ್ರ ಕಾರು ಮುಂದೆ ಹೋಗುತ್ತದೆ. ಉಳಿದದ್ದು ಹೊಗೆ.

2025ರಲ್ಲಿ ಶಓಮಿ ಕಂಪನಿಯ ಎಸ್‌ಯು7 ಅಲ್ಟ್ರಾ ಎಂಬ ವಿದ್ಯುತ್ ಕಾರು ಪೂರ್ತಿ 20.832 ಕಿ.ಮೀ.ಯನ್ನು 7 ನಿಮಿಷ 4.957 ಸೆಕೆಂಡಿನಲ್ಲಿ ಓಡಿತು. ಅದರ ಶಕ್ತಿ 1548 ಅಶ್ವಶಕ್ತಿ. ಜಿಟಿ3 ಆರ್‌ಎಸ್ ಇದೇ ಪೂರ್ತಿ ಸುತ್ತಿಗೆ ತೆಗೆದುಕೊಂಡದ್ದು 6 ನಿಮಿಷ 49.328 ಸೆಕೆಂಡು. ಶಕ್ತಿ ಸುಮಾರು ಮೂರು ಪಟ್ಟು, ಆದರೂ 15 ಸೆಕೆಂಡು ಹಿಂದೆ. ಇದು ಆ ಕಾರಿನ ಸೋಲು ಅಂತ ನಾನು ಹೇಳುತ್ತಿಲ್ಲ. ನಾಲ್ಕು ಬಾಗಿಲಿನ, ಕುಟುಂಬವೇ ಕೂರಬಹುದಾದ, ಎರಡು ಟನ್ ಮೀರಿದ ಕಾರಿಗೆ ಅದು ದೊಡ್ಡ ಸಾಧನೆ. ಆದರೆ ಆ ಎರಡು ಟನ್ನನ್ನು ಪ್ರತಿ ತಿರುವಿಗೂ ಮೊದಲು ನಿಲ್ಲಿಸಬೇಕು, ಬಾಗಿಸಬೇಕು, ಮತ್ತೆ ಎಬ್ಬಿಸಬೇಕು.

ತೂಕದ ವಿಷಯಕ್ಕೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಇದು ಕಾಣುವಷ್ಟು ಸರಳವಲ್ಲ.

1450 ಕೆ.ಜಿ. ಕಾರು ನೆಲವನ್ನು ಮುಟ್ಟುವುದು ನಾಲ್ಕು ಕಡೆ. ಟೈರಿನ ಗಾಳಿಯ ಒತ್ತಡ ಎರಡು ಬಾರ್ ಎಂದಿಟ್ಟುಕೊಂಡರೆ ನಾಲ್ಕೂ ಟೈರಿನ ಮುಟ್ಟುವ ಜಾಗ ಸೇರಿ ಸುಮಾರು 700 ಚದರ ಸೆಂಟಿಮೀಟರ್. ಒಂದು ಎ4 ಹಾಳೆಗಿಂತ ತುಸು ದೊಡ್ಡದು. ಒಂದೊಂದು ಟೈರಿನ ಪಾಲಿಗೆ ಒಂದು ಅಂಗೈಯಷ್ಟು. ಎಂಜಿನ್, ಬ್ರೇಕು, ಸ್ಟೇರಿಂಗ್ ಏನೇ ಮಾಡಲಿ, ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ರಸ್ತೆಗೆ ಹೋಗಬೇಕು.

ಶಾಲೆಯಲ್ಲಿ ಓದಿದ ಘರ್ಷಣೆಯ ಪಾಠ ನೆನಪಿದೆಯಾ? ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟು. ಅದು ಪೂರ್ತಿ ನಿಜವಾಗಿದ್ದರೆ ತೂಕದ ಕಾರೂ ಹಗುರ ಕಾರೂ ತಿರುವಿನಲ್ಲಿ ಸಮವಾಗಿ ಹೋಗಬೇಕಿತ್ತು. ತೂಕ ಜಾಸ್ತಿ ಇದ್ದರೆ ಹೊರಗೆ ಎಳೆಯುವ ಬಲ ಜಾಸ್ತಿ, ಹಿಡಿತವೂ ಅಷ್ಟೇ ಜಾಸ್ತಿ, ಲೆಕ್ಕ ಸರಿಹೋಯಿತು. ಆದರೆ ರಬ್ಬರು ಆ ಪಾಠದ ಮರದ ತುಂಡಿನ ಹಾಗಲ್ಲ. ಅದು ಮೆತ್ತಗೆ ರಸ್ತೆಯ ಸಣ್ಣ ಸಣ್ಣ ಕಲ್ಲುಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ. ಭಾರ ಏರಿದ ಹಾಗೆ ಇನ್ನೂ ಇಳಿಯಲು ಉಳಿದ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ. ಹೀಗಾಗಿ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ಪ್ರತಿ ಹೆಚ್ಚುವರಿ ಕೆ.ಜಿ.ಯೂ ತನ್ನನ್ನು ಹಿಡಿದಿಡಲು ಬೇಕಾದಷ್ಟು ಹಿಡಿತವನ್ನು ತಾನೇ ತಂದುಕೊಳ್ಳುವುದಿಲ್ಲ. ಹಗುರ ಕಾರು ಎಲ್ಲ ತಿರುವಿನಲ್ಲೂ ಗೆಲ್ಲುವುದರ ಗುಟ್ಟು ಇದು.

ಬ್ರೇಕಿನದು ಇನ್ನೊಂದು ಕಥೆ. 270 ಕಿ.ಮೀ. ವೇಗದಲ್ಲಿರುವ ಒಂದೂವರೆ ಟನ್ ಕಾರನ್ನು ಪೂರ್ತಿ ನಿಲ್ಲಿಸಿದರೆ ಹೊರಬರುವ ಶಕ್ತಿಯಿಂದ ಸುಮಾರು 13 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು. ಅದೂ ಆರೇಳು ಸೆಕೆಂಡಿನಲ್ಲಿ. ಅಷ್ಟು ಬಿಸಿಯನ್ನು ಬ್ರೇಕು ಮತ್ತೆ ಮತ್ತೆ ನುಂಗಬೇಕು. ತೂಕ ಇಳಿಸಿದರೆ ಬ್ರೇಕು ತಣ್ಣಗಿರುತ್ತದೆ, ಟೈರು ಕೊನೆಯ ತಿರುವಿನವರೆಗೂ ಬಾಳುತ್ತದೆ.

ರೆನೋ ಕಂಪನಿ 2019ರಲ್ಲಿ ಇದನ್ನೇ ಮಾಡಿ ತೋರಿಸಿತು. ಅವರ ಮೆಗಾನ್ ಆರ್‌ಎಸ್ ಟ್ರೋಫಿ-ಆರ್ ಮುಂದಿನ ಚಕ್ರಗಳಿಂದ ಓಡುವ ಕಾರು, 300 ಅಶ್ವಶಕ್ತಿ. ಅದರ ಸೋದರ ಮಾದರಿಗಿಂತ ಒಂದು ಅಶ್ವಶಕ್ತಿಯನ್ನೂ ಏರಿಸಲಿಲ್ಲ. ಬದಲಿಗೆ 130 ಕೆ.ಜಿ. ಇಳಿಸಿದರು. ಹಿಂದಿನ ಸೀಟು ಕಿತ್ತರು. ಹಿಂದಿನ ಚಕ್ರವನ್ನೂ ತಿರುಗಿಸುವ ವ್ಯವಸ್ಥೆ ಇತ್ತು, ಅದನ್ನೂ ತೆಗೆದರು. 20.6 ಕಿ.ಮೀ.ಗೆ 7 ನಿಮಿಷ 40.1 ಸೆಕೆಂಡು. ಎರಡು ವರ್ಷ ಮೊದಲು 320 ಅಶ್ವಶಕ್ತಿಯ ಹೋಂಡಾ ಸಿವಿಕ್ ಟೈಪ್ ಆರ್ ಮಾಡಿದ್ದು 7 ನಿಮಿಷ 43.8. ಹಿಂದಿನ ಸೀಟು ಬಿಟ್ಟುಕೊಟ್ಟು ಸಮಯ ಕೊಳ್ಳುವ ಈ ವ್ಯಾಪಾರ ನನಗೆ ತುಂಬಾ ಇಷ್ಟ.

ಈಗ ಮತ್ತೆ ಆ ಎರಡು ಪೋರ್ಷೆಗೆ ಬರೋಣ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಅಂದೆವು. ಹಾಗಾದರೆ ಕಡಿಮೆ ಪವರ್‌ನ ಕಾರು ಗೆದ್ದಿದ್ದು ಹೇಗೆ?

ಉತ್ತರ ಗಾಳಿಯಲ್ಲಿದೆ. ಟೈರಿಗೆ ಬೇಕಾದದ್ದು ನೆಲಕ್ಕೆ ಒತ್ತುವ ಬಲ. ಅದನ್ನು ತೂಕದಿಂದ ಪಡೆದರೆ ಆ ತೂಕವನ್ನೂ ತಿರುವಿನಲ್ಲಿ ಎಳೆದುಕೊಂಡು ಹೋಗಬೇಕು. ಗಾಳಿಯಿಂದ ಪಡೆದರೆ ಹೊತ್ತುಕೊಳ್ಳಲು ಏನೂ ಇಲ್ಲ. ತೂಕವಿಲ್ಲದ ಭಾರ ಅದು. ವಿಮಾನದ ರೆಕ್ಕೆಯನ್ನು ಬೋರಲು ಹಾಕಿದ ಹಾಗೆ, ಕಾರಿನ ರೆಕ್ಕೆ ಗಾಳಿಯನ್ನು ಮೇಲಕ್ಕೆ ತಳ್ಳಿ ಕಾರನ್ನು ಕೆಳಕ್ಕೆ ಒತ್ತುತ್ತದೆ. ಇದಕ್ಕೆ ಡೌನ್‌ಫೋರ್ಸ್ ಅನ್ನುತ್ತಾರೆ. ಜಿಟಿ3 ಆರ್‌ಎಸ್ 200 ಕಿ.ಮೀ. ವೇಗದಲ್ಲಿ 409 ಕೆ.ಜಿ.ಯಷ್ಟು, 285ರಲ್ಲಿ 860 ಕೆ.ಜಿ.ಯಷ್ಟು ಒತ್ತಡ ಪಡೆಯುತ್ತದೆ. 1450 ಕೆ.ಜಿ. ಕಾರಿಗೆ 409 ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಹಿಡಿತ ಅಷ್ಟು ಏರಿದರೆ ಅದೇ ತಿರುವಿನಲ್ಲಿ ವೇಗ ಹತ್ತು ಪ್ರತಿಶತ ದಾಟಿ ಏರಬಹುದು.

ಈ ಕಾರು ಕಟ್ಟಿದವರು ಇದಕ್ಕಾಗಿ ಏನೆಲ್ಲ ಮಾಡಿದ್ದಾರೆ ನೋಡಿ. ಎಂಜಿನ್ ತಣಿಸುವ ಮೂರು ರೇಡಿಯೇಟರ್ ತೆಗೆದು ಒಂದೇ ದೊಡ್ಡ ರೇಡಿಯೇಟರನ್ನು ಮೂತಿಯ ನಡುವೆ ಇಟ್ಟರು, ಪಕ್ಕದ ಜಾಗವನ್ನು ಗಾಳಿಗೆ ಬಿಟ್ಟುಕೊಟ್ಟರು. ಲಗೇಜ್ ಇಡುವ ಜಾಗ ಹೋಯಿತು. ಚಕ್ರವನ್ನು ಕಾರಿಗೆ ಜೋಡಿಸುವ ಮುಂದಿನ ಸಸ್ಪೆನ್ಷನ್ನಿನ ಕಡ್ಡಿಗಳನ್ನೂ ನೀರ ಹನಿಯ ಆಕಾರಕ್ಕೆ ತಂದರು, ಗರಿಷ್ಠ ವೇಗದಲ್ಲಿ ಅಷ್ಟರಿಂದಲೇ ಮುಂಭಾಗಕ್ಕೆ ಸುಮಾರು 40 ಕೆ.ಜಿ. ಒತ್ತಡ ಸಿಗುತ್ತದೆ. ರೆಕ್ಕೆಗೆ ಬೆಲೆಯೂ ಇದೆ: ಅದು ಗಾಳಿಗೆ ಅಡ್ಡ ನಿಲ್ಲುತ್ತದೆ. ಗರಿಷ್ಠ ವೇಗ 296ಕ್ಕೆ ನಿಂತದ್ದರಲ್ಲಿ ಅದರ ಪಾಲೂ ಇದೆ. ಆದ್ದರಿಂದ ನೇರ ದಾರಿಯಲ್ಲಿ ರೆಕ್ಕೆಯ ಪಟ್ಟಿ ಚಪ್ಪಟೆಯಾಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಎದ್ದು ನಿಂತು ಗಾಳಿಯನ್ನೇ ಬ್ರೇಕ್ ಮಾಡಿಕೊಳ್ಳುತ್ತದೆ.

ಇನ್ನು ಹ್ಯಾಂಡ್ಲಿಂಗ್, ಅಂದರೆ ಕಾರು ಚಾಲಕರ ಮಾತು ಕೇಳುವ ಗುಣ. ಇದನ್ನು ಒಂದು ಅಂಕಿಯಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಜಾಹೀರಾತಿನಲ್ಲಿ ಕಾಣುವುದೂ ಕಡಿಮೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಹೋದವರಿಗೆ ಇದು ಮೈಯಲ್ಲೇ ಗೊತ್ತು. ಅದೇ ಭಾರವನ್ನು ಎರಡು ಪಕ್ಕಕ್ಕೆ ತಗ್ಗಿನಲ್ಲಿ ಚೀಲ ಮಾಡಿ ತೂಗುಹಾಕಿದರೆ ಸೈಕಲ್ ಎಷ್ಟು ಸುಲಭವಾಗಿ ಮಾತು ಕೇಳುತ್ತದೆ! ಕಾರು ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡದ ಟೈರಿಗೆ ವಾಲುತ್ತದೆ. ಬಲದ ಟೈರು ಹಗುರಾಗುತ್ತದೆ. ರಬ್ಬರಿನ ಗುಣ ಹೇಳಿದೆನಲ್ಲ, ಎಡದ ಟೈರಿಗೆ ಸಿಕ್ಕ ಹಿಡಿತ ಬಲದ ಟೈರು ಕಳೆದುಕೊಂಡದ್ದನ್ನು ತುಂಬುವುದಿಲ್ಲ. ಒಟ್ಟು ಹಿಡಿತ ಇಳಿಯುತ್ತದೆ. ಭಾರದ ನಡುಬಿಂದು ನೆಲಕ್ಕೆ ಹತ್ತಿರ ಇದ್ದಷ್ಟೂ, ಚಕ್ರಗಳ ನಡುವೆ ಅಗಲ ಇದ್ದಷ್ಟೂ ಈ ವಾಲಾಟ ಕಡಿಮೆ. ಸ್ಪ್ರಿಂಗು ತೀರಾ ಗಟ್ಟಿಯಾದರೆ ಉಬ್ಬುತಗ್ಗಿನಲ್ಲಿ ಟೈರು ಹಾರುತ್ತದೆ. ಹಾರಿದ ಟೈರಿಗೆ ಹಿಡಿತ ಸೊನ್ನೆ. ಮೆತ್ತಗಾದರೆ ಕಾರು ತೂಗುತ್ತದೆ, ರೆಕ್ಕೆಗೆ ಸಿಗುವ ಗಾಳಿಯೂ ಕೆಡುತ್ತದೆ. ನಾರ್ಡ್‌ಶ್ಲೈಫೆಯಂಥ ಹಳೆಯ ಒರಟು ರಸ್ತೆಯಲ್ಲಿ ಈ ಎರಡರ ನಡುವಿನ ಹದ ಹುಡುಕುವುದೇ ಎಂಜಿನಿಯರುಗಳ ದೊಡ್ಡ ಕೆಲಸ.

ಆ ಹದಕ್ಕೆ ಎಷ್ಟು ಬೆಲೆ? 2021ರಲ್ಲಿ ಲಾರ್ಸ್ ಕೆರ್ನ್ ಮತ್ತೆ ಜಿಟಿ2 ಆರ್‌ಎಸ್ ಹತ್ತಿದರು. ಅದೇ ಚಾಲಕ, ಅದೇ 700 ಅಶ್ವಶಕ್ತಿ. ಆದರೆ ಈ ಸಲ ಮಾಂಟೈ ಎಂಬ ರೇಸಿಂಗ್ ತಂಡದ ಕಿಟ್ ಹಾಕಿದ್ದರು. ಬೇರೆ ಸಸ್ಪೆನ್ಷನ್, ಬದಲಾದ ರೆಕ್ಕೆ, ಹಿಂದಿನ ಚಕ್ರಗಳ ಮೇಲೆ ಗಾಳಿ ಜಾರುವಂತೆ ಕಾರ್ಬನ್ ತಟ್ಟೆ. 20.6 ಕಿ.ಮೀ.ಗೆ 6 ನಿಮಿಷ 38.8 ಸೆಕೆಂಡು. ಎಂಜಿನ್ ಮುಟ್ಟದೆ ಎಂಟೂವರೆ ಸೆಕೆಂಡು! ಟೈರು, ಆ ದಿನದ ಹವೆ, ರಸ್ತೆಯ ಬಿಸಿ ಇವುಗಳ ಪಾಲನ್ನೂ ಕಳೆಯಬೇಕು, ನಿಜ. ಕಳೆದರೂ ಉಳಿಯುವುದು ಸಣ್ಣದಲ್ಲ. ಪವರ್ ತನ್ನ ಪೂರ್ತಿ ಬೆಲೆ ತೋರಿಸುವುದೂ ಆಗಲೇ. ಹಿಡಿತ ಸಿಕ್ಕ ಮೇಲೆ ಜಿಟಿ2, ಒಂದು ವರ್ಷದ ನಂತರ ಬಂದ ಜಿಟಿ3ಗಿಂತಲೂ ಆರು ಸೆಕೆಂಡು ಮುಂದೆ ಉಳಿಯಿತು. 2018ರಲ್ಲಿ ಪೋರ್ಷೆಯವರದೇ 919 ಇವೊ ಎಂಬ ರೇಸ್ ಕಾರು ಪೂರ್ತಿ ಸುತ್ತನ್ನು 5 ನಿಮಿಷ 19.546 ಸೆಕೆಂಡಿನಲ್ಲಿ ಮುಗಿಸಿದಾಗ ಅದರಲ್ಲಿ ಎಲ್ಲವೂ ಒಟ್ಟಿಗೆ ಇತ್ತು: 1160 ಅಶ್ವಶಕ್ತಿ, ಬರೀ 849 ಕೆ.ಜಿ. ತೂಕ, ದೊಡ್ಡ ದೊಡ್ಡ ರೆಕ್ಕೆ.

ಚಾಲಕರ ಮಾತು ಬಿಟ್ಟರೆ ತಪ್ಪಾಗುತ್ತದೆ. ಟೈರಿನ ಹಿಡಿತ ಜೇಬಿನ ದುಡ್ಡಿನ ಹಾಗೆ. ತಿರುಗಲು, ಬ್ರೇಕ್ ಹಾಕಲು, ಮುಂದೆ ನುಗ್ಗಲು ಅದೇ ದುಡ್ಡಿನಿಂದ ಖರ್ಚು ಮಾಡಬೇಕು. ಆದರೆ ಇಲ್ಲಿ ಒಂದು ಖುಷಿಯ ವಿಷಯ ಇದೆ. ನೂರರಲ್ಲಿ ಎಂಬತ್ತು ಪಾಲು ತಿರುಗಲು ಕೊಟ್ಟರೆ ಬ್ರೇಕಿಗೆ ಉಳಿಯುವುದು ಇಪ್ಪತ್ತಲ್ಲ, ಅರವತ್ತು. ಎರಡು ಬಲಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಲೆಕ್ಕ ಪೈಥಾಗೊರಸನ ತ್ರಿಕೋನದ್ದು. ಅದಕ್ಕೇ ಪಳಗಿದ ಚಾಲಕರು ನೇರ ದಾರಿಯಲ್ಲೇ ಬ್ರೇಕ್ ಮುಗಿಸುವುದಿಲ್ಲ. ತಿರುವಿನ ಒಳಗೂ ಬ್ರೇಕ್ ತರುತ್ತಾರೆ, ಸ್ಟೇರಿಂಗ್ ತಿರುಗಿದಷ್ಟೂ ಕಾಲನ್ನು ಮೆಲ್ಲಗೆ ಸಡಿಲಿಸುತ್ತಾರೆ.

ಈ ಸುತ್ತುಗಳ ವಿಡಿಯೊಗಳು ಸಿಗುತ್ತವೆ. ಒಮ್ಮೆ ನೋಡಿ. ಪರದೆಯ ಮೂಲೆಯಲ್ಲಿ ಓಡುವ ವೇಗದ ಅಂಕಿ 290 ಮುಟ್ಟಿದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ನೀವು ತಿರುವಿನ ನಡುವೆ ಅದು ಎಷ್ಟರ ತನಕ ಇಳಿಯಿತು ಅಂತ ನೋಡಿ. ಆಮೇಲೆ ಕಿವಿಗೊಟ್ಟು ಕೇಳಿ, ಎಂಜಿನ್ ಮತ್ತೆ ಪೂರ್ತಿ ದನಿ ಎತ್ತಿದ್ದು ತಿರುವು ಮುಗಿದ ಮೇಲೋ, ಮುಗಿಯುವ ಮೊದಲೋ.