ಸಿಝಿಜಿ: ಒಂದೇ ನೊಗಕ್ಕೆ ಸೂರ್ಯ, ಚಂದ್ರ

ಸೂರ್ಯ, ಭೂಮಿ, ಚಂದ್ರರಂಥ ಮೂರು ಆಕಾಶಕಾಯಗಳು ಹೆಚ್ಚುಕಡಿಮೆ ಒಂದೇ ನೇರಕ್ಕೆ ಬರುವುದನ್ನು ಹೇಳಲು ಇಂಗ್ಲಿಷಿನಲ್ಲಿ ‘ಸಿಝಿಜಿ’ ಎಂಬ ಅಪರೂಪದ ಪದವಿದೆ. ಅದರ ಮೂಲ ಗ್ರೀಕ್: ‘ಸಿನ್’ ಎಂದರೆ ಜೊತೆಗೆ, ‘ಝೈಗಾನ್’ ಎಂದರೆ ನೊಗ. ಈ ಝೈಗಾನ್ ಮತ್ತು ಸಂಸ್ಕೃತದ ‘ಯುಗ’ ಒಂದೇ ಬೇರಿನವಾದ್ದರಿಂದ, ಕನ್ನಡದಲ್ಲಿ ನಾವು ಬಳಸುವ ಯೋಗ, ಯುಗಳ, ಯುಗ್ಮಗಳೂ ಸಿಝಿಜಿಗೆ ದೂರದ ನೆಂಟರೇ. ಜೀವಶಾಸ್ತ್ರದ ‘ಝೈಗೋಟ್’ ನಮ್ಮ ಪಠ್ಯಪುಸ್ತಕಗಳಲ್ಲಿ ‘ಯುಗ್ಮಜ’ ಆಗಿರುವುದು ಎಷ್ಟು ಸೊಗಸಾದ ಹೊಂದಿಕೆ!

ಅಮಾವಾಸ್ಯೆಯಂದು ಚಂದ್ರ ಸೂರ್ಯನಿರುವ ದಿಕ್ಕಿನಲ್ಲಿರುತ್ತದೆ, ಹುಣ್ಣಿಮೆಯಂದು ಅದರ ಎದುರು ದಿಕ್ಕಿನಲ್ಲಿ. ಎರಡೂ ಸಿಝಿಜಿಗಳೇ, ನಮ್ಮ ಜ್ಯೋತಿಷಶಾಸ್ತ್ರದಲ್ಲಿ ಇವೆರಡಕ್ಕೂ ‘ಪರ್ವ’ ಎಂಬ ಹೆಸರಿದೆ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಯ ಸಮತಲಕ್ಕೆ ಸುಮಾರು 5 ಡಿಗ್ರಿ ವಾಲಿರುವುದರಿಂದ ಪ್ರತಿ ಪರ್ವದಲ್ಲೂ ಗ್ರಹಣವಾಗುವುದಿಲ್ಲ.

ನೊಗದ ಹೋಲಿಕೆ ನಿಜಕ್ಕೂ ಸಾರ್ಥಕವಾಗುವುದು ಸಮುದ್ರದಲ್ಲಿ. ಉಬ್ಬರವೆಬ್ಬಿಸುವ ಬಲವು ದೂರದ ಘನಕ್ಕೆ ವಿಲೋಮವಾಗಿ (ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು ಭಾಗಕ್ಕೆ) ಕುಗ್ಗುವುದರಿಂದ, ಸೂರ್ಯ ಅಷ್ಟು ಭಾರಿ ಕಾಯವಾಗಿದ್ದರೂ ಅದರ ಪ್ರಭಾವ ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ. ಅಷ್ಟಮಿಯ ಆಸುಪಾಸಿನಲ್ಲಿ ಇವೆರಡೂ ಅಡ್ಡಡ್ಡ ಎಳೆಯುವುದರಿಂದ ಉಬ್ಬರ ತಗ್ಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಾದರೆ ಎರಡೂ ಒಂದೇ ರೇಖೆಯಲ್ಲಿ ಎಳೆಯುತ್ತವೆ. ಉಬ್ಬರ ಮತ್ತಷ್ಟು ಏರುತ್ತದೆ, ಇಳಿತ ಮತ್ತಷ್ಟು ಇಳಿಯುತ್ತದೆ. ಅದೇ ಹೊತ್ತಿಗೆ ಚಂದ್ರ ಭೂಮಿಗೆ ಸಮೀಪವಿದ್ದರೆ ನೀರು ಇನ್ನೂ ಮೇಲೇರುತ್ತದೆ. ಪತ್ರಿಕೆಗಳು ‘ಸೂಪರ್‌ಮೂನ್’ ಎಂದು ಸಂಭ್ರಮಿಸುವ ಈ ಸ್ಥಿತಿಗೆ ಖಗೋಳಜ್ಞರ ಹೆಸರು ‘ಪೆರಿಜಿ ಸಿಝಿಜಿ’; ಪೆರಿಜಿ ಎಂದರೆ ಚಂದ್ರ ಭೂಮಿಗೆ ಅತಿ ಸಮೀಪ ಬರುವ ಬಿಂದು. ಹೆಸರು ಕ್ಲಿಷ್ಟವಾದರೂ ನಡೆಯುತ್ತಿರುವುದೇನೆಂದು ಹೇಳುವುದು ಇದೇ ಎಂಬುದು ನನ್ನ ಅಭಿಪ್ರಾಯ.

2021ರ ಮಾರ್ಚ್ 23ರಂದು ಸುಮಾರು 400 ಮೀಟರ್ ಉದ್ದದ ‘ಎವರ್ ಗಿವನ್’ ಎಂಬ ಕಂಟೇನರ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು, ಎರಡೂ ದಿಕ್ಕಿನ ಸಂಚಾರ ನಿಂತುಹೋಯಿತು. ಡ್ರೆಜರ್‌ಗಳು ಮೂತಿಯ ಸುತ್ತಲಿನ ಮರಳನ್ನು ತೆಗೆದವು, ಹಡಗುಗಳನ್ನು ಎಳೆಯುವ ಟಗ್ ದೋಣಿಗಳು ಎಳೆದವು. ಆದರೂ ಹಡಗು ಜಪ್ಪಯ್ಯ ಎನ್ನಲಿಲ್ಲ. ಹಡಗು ಬಿಡಿಸುವವರ ಕಣ್ಣು ಆಗ ಪಂಚಾಂಗದ ಮೇಲಿತ್ತು ಎಂದರೂ ತಪ್ಪಲ್ಲ. ಮಾರ್ಚ್ 28ರಂದು ಹುಣ್ಣಿಮೆ, ನಮ್ಮಲ್ಲಿ ಅದು ಹೋಳಿ ಹುಣ್ಣಿಮೆ. 30ರಂದು ಚಂದ್ರ ಭೂಮಿಗೆ ಆ ತಿಂಗಳ ಅತಿ ಸಮೀಪದ ಬಿಂದುವಿಗೆ ಬರುವುದಿತ್ತು. ಇವೆರಡರ ನಡುವಿನ 29ರಂದು, ಏರಿದ ಉಬ್ಬರದ ನೆರವಿನಿಂದ ಟಗ್‌ಗಳು ಆ ಹಡಗನ್ನು ದಡದಿಂದ ಬಿಡಿಸಿ ತೇಲಿಸಿದವು.