ಬಾಣಲೆಯಲ್ಲ, ಮದ್ದಿನ ಬಟ್ಟಲು

'ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್' ಎಂಬ ಇಂಗ್ಲಿಷ್ ನುಡಿಗಟ್ಟನ್ನು ಕನ್ನಡಕ್ಕೆ ತರಲು ನಿಘಂಟು ಹಿಡಿದು ಬಿಡಿಸಿದರೆ ಬೀಗ, ದಾಸ್ತಾನು, ಪೀಪಾಯಿ ಸಿಗುತ್ತವೆ. ಯಾವುದೋ ಗೋದಾಮಿನ ಲೆಕ್ಕದಂತೆ. ಅಸಲಿಗೆ ಮೂರೂ ಕೋವಿಯ ಭಾಗಗಳು. ಲಾಕ್ ಎಂದರೆ ಕಿಡಿ ಹಾರಿಸುವ ಯಂತ್ರ, ಸ್ಟಾಕ್ ಎಂದರೆ ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗ, ಬ್ಯಾರೆಲ್ ಎಂದರೆ ನಳಿಗೆ. ಮೂರೂ ಸೇರಿದರೆ ಇಡೀ ಕೋವಿ, ಹಾಗಾಗಿ 'ಏನೂ ಬಿಡದೆ ಪೂರ್ತಿ' ಎಂಬ ಅರ್ಥ. ಊರು ಬಿಟ್ಟವರ ಬಗ್ಗೆಯಾದರೆ 'ಗಂಟುಮೂಟೆ ಸಮೇತ' ಚೆನ್ನಾಗಿ ಕೂರುತ್ತದೆ. ಒಂದು ಕಂಪನಿ ಇನ್ನೊಂದನ್ನು ಕೊಂಡ ಸುದ್ದಿಯಲ್ಲಿ ಅದು ನಗೆಪಾಟಲು. ಅಲ್ಲಿ 'ಇಡಿಯಾಗಿ' ಸಾಕು.

ಇದೇ ಕೋವಿಯಿಂದ ಇನ್ನೆರಡು ನುಡಿಗಟ್ಟುಗಳು ಹುಟ್ಟಿವೆ. ಮೈಸೂರು ಯುದ್ಧಗಳ ಕಾಲದ ಚಕಮಕಿ ಕಲ್ಲಿನ ಕೋವಿಯನ್ನು ನೆನಪಿಸಿಕೊಳ್ಳಿ. ನಳಿಗೆಯ ಬುಡದ ಪಕ್ಕದಲ್ಲಿ ಪುಟ್ಟದೊಂದು ಬಟ್ಟಲು, ಅದರ ಹೆಸರೇ ಪ್ಯಾನ್. ಸಿಪಾಯಿ ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಬಟ್ಟಲಿಗೆ ಹಾಕಿ, ಉಕ್ಕಿನ ಮುಚ್ಚಳ ಮುಚ್ಚುತ್ತಿದ್ದ. ಉಳಿದ ಮದ್ದು, ಗುಂಡು ನಳಿಗೆಯ ಬಾಯಿಂದ ಒಳಗೆ. ಸಲಾಕೆಯಿಂದ ಜಡಿದರೆ ಕೋವಿ ತಯಾರು. ಕಲ್ಲು ಮುಚ್ಚಳಕ್ಕೆ ಬಡಿದಾಗ ಮುಚ್ಚಳ ಮುಂದಕ್ಕೆ ಮಗುಚಿ, ಕಿಡಿ ಬಟ್ಟಲಿಗೆ ಬೀಳುತ್ತದೆ. ಆ ಬೆಂಕಿ ಸಣ್ಣ ತೂತಿನ ಮೂಲಕ ನಳಿಗೆಗೆ ದಾಟಬೇಕು. ತೂತಿಗೆ ಮಸಿ ಕಟ್ಟಿದ್ದರೆ, ಒಳಗಿನ ಮದ್ದು ತೇವವಾಗಿದ್ದರೆ, ಬಟ್ಟಲಲ್ಲಿ ಭಗ್ಗೆಂದು ಬೆಳಕು, ಹೊಗೆ, ಗುಂಡು ಇದ್ದಲ್ಲೇ.

'ಫ್ಲ್ಯಾಶ್ ಇನ್ ದ ಪ್ಯಾನ್' ಇದೇ. ಬಾಣಲೆಗೂ ಇದಕ್ಕೂ ಸಂಬಂಧವಿಲ್ಲ. ಚಿನ್ನ ಜಾಲಿಸುವವರ ತಟ್ಟೆಯಲ್ಲಿ ಮಿನುಗಿದ್ದೆಂಬ ಕಥೆ ಕೇಳಲು ಸೊಗಸು, ಅಷ್ಟೇ. ನಮ್ಮ 'ಠುಸ್ ಪಟಾಕಿ'ಯದೂ ಇದೇ ಕಥೆ: ಬತ್ತಿ ಉರಿಯಿತು, ಸಿಡಿಯಲಿಲ್ಲ. ಆದರೂ ಕಣ್ಣುಮುಚ್ಚಿ ಬಳಸುವಂತಿಲ್ಲ. ಠುಸ್ ಎನ್ನುವುದು ಪೂರಾ ಸೋತದ್ದಕ್ಕೆ. ಇಂಗ್ಲಿಷಿನದು ಒಮ್ಮೆ ಮಿಂಚಿ ಮತ್ತೆ ಕಾಣದ್ದಕ್ಕೆ. ಮೊದಲ ಪಂದ್ಯದಲ್ಲಿ ಶತಕ ಹೊಡೆದು ಆಮೇಲೆ ಮಂಕಾದ ಆಟಗಾರನಿಗೆ 'ಒಂದು ದಿನದ ಮಿಂಚು' ಹೆಚ್ಚು ಹತ್ತಿರ.

ಕಲ್ಲು ಕಚ್ಚಿಕೊಂಡಿರುವ ಕೊಕ್ಕೆಯನ್ನು ಇಂಗ್ಲಿಷರು ಕಾಕ್, ಅಂದರೆ ಹುಂಜ ಎಂದರು, ನಾವು ಕುದುರೆ ಎಂದೆವು. ಬಟ್ಟಲಿಗೆ ಮದ್ದು ಹಾಕುವಾಗ ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಬೇಕು. ಆ ಕಚ್ಚಿನಲ್ಲಿ ಅದು ಭದ್ರ, ಟ್ರಿಗರ್ ಒತ್ತಿದರೂ ಹಾರದು. ಕಚ್ಚು ಸವೆದಿದ್ದರೆ ಮಾತ್ರ ಹಾರೀತು, ಅದೂ ಗುರಿ ಹಿಡಿಯುವ ಮುಂಚೆ. 'ಗೋಯಿಂಗ್ ಆಫ್ ಹಾಫ್ ಕಾಕ್ಡ್' ಎಂಬುದಕ್ಕೆ ಬರೀ 'ಅವಸರಪಟ್ಟ' ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. 'ಸಿದ್ಧತೆ ಮುಗಿಯುವ ಮೊದಲೇ ಬಾಯಿಬಿಟ್ಟ', 'ಅರೆಬರೆ ತಯಾರಿಯಲ್ಲೇ ಇಳಿದುಬಿಟ್ಟ' ಎಂದರೆ ಸರಿಹೋದೀತು.