ರಾತ್ರಿಯ ಪಂದ್ಯದ ಫಲಿತಾಂಶ ಪಾವಗಡದ ಪತ್ರಿಕೆಯಲ್ಲಿ ಏಕಿರುವುದಿಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮನೆಗೂ ಪಾವಗಡದ ನಮ್ಮ ಮನೆಗೂ ಬರುವುದು ಒಂದೇ ದಿನಪತ್ರಿಕೆ. ರಾತ್ರಿ ಮುಗಿದ ಐಪಿಎಲ್ ಪಂದ್ಯದ ಫಲಿತಾಂಶ ಅವನ ಪ್ರತಿಯಲ್ಲಿರುತ್ತದೆ, ನಮ್ಮದರಲ್ಲಿ ಇರುವುದಿಲ್ಲ. ಏಕೆ?

ಉತ್ತರ: ಹೆಸರು ಒಂದೇ ಆದರೂ ಆ ಎರಡು ಪ್ರತಿಗಳು ಅಚ್ಚಾಗುವ ಹೊತ್ತು ಬೇರೆ. ಯಾವ ಊರಿನ ಪುಟಗಳನ್ನು ಎಷ್ಟು ಗಂಟೆಗೆ ಮುಗಿಸಬೇಕೆಂಬುದನ್ನು ಆ ಊರಿನ ದಾರಿಯೇ ನಿರ್ಧರಿಸುತ್ತದೆ. ಅತಿ ದೂರದ ಊರಿನ ಪ್ರತಿಗಳು ಎಲ್ಲಕ್ಕಿಂತ ಮೊದಲು ಅಚ್ಚಾಗುತ್ತವೆ.

ನಿಮ್ಮ ಪತ್ರಿಕೆ ಬೆಂಗಳೂರಿನಲ್ಲೇ ಮುದ್ರಣವಾಗುತ್ತದೆ ಎಂದಿಟ್ಟುಕೊಂಡು ಲೆಕ್ಕವನ್ನು ಬೆಳಗಿನಿಂದ ಹಿಂದಕ್ಕೆ ಹಾಕಿ ನೋಡೋಣ. ಆರು ಗಂಟೆಯೊಳಗೆ ಎಲ್ಲ ಮನೆಗಳಿಗೂ ಪತ್ರಿಕೆ ತಲುಪಬೇಕಾದರೆ ಹಾಕುವ ಹುಡುಗರು ಐದಕ್ಕೆ ಸೈಕಲ್ ಹತ್ತಬೇಕು. ಅದಕ್ಕೂ ಮೊದಲು ಏಜೆಂಟರು ಬಂಡಲ್ ಬಿಚ್ಚಿ, ಪುರವಣಿಯನ್ನು ಒಂದೊಂದಾಗಿ ಕೈಯಿಂದ ಸೇರಿಸಿ, ಬೀದಿವಾರು ಎಣಿಸಿ ಕೊಡಲು ಅರ್ಧ ಗಂಟೆಯಾದರೂ ಬೇಕು. ಕೊರಟಗೆರೆ, ಮಧುಗಿರಿಗಳಲ್ಲಿ ಬಂಡಲ್ ಇಳಿಸುತ್ತ ಸುಮಾರು 150 ಕಿ.ಮೀ. ಸಾಗುವ ವ್ಯಾನಿಗೆ ನಾಲ್ಕು ಗಂಟೆ ಬೇಕೆಂದರೆ ಅದು ರಾತ್ರಿ 12.30ಕ್ಕೆ ಮುದ್ರಣಾಲಯ ಬಿಡಬೇಕಾಗುತ್ತದೆ. ಪುಟವನ್ನು ಅಚ್ಚೊತ್ತುವ ಲೋಹದ ತಗಡಿನ, ಅಂದರೆ ಪ್ಲೇಟ್‌ನ, ತಯಾರಿಕೆಗೂ ಮುದ್ರಣಕ್ಕೂ ಒಂದೂವರೆ ಗಂಟೆ ಹಿಡಿದರೆ ಪುಟಗಳು 11 ಗಂಟೆಗೇ ಮುಗಿದಿರಬೇಕು. ಸಂಜೆ 7.30ಕ್ಕೆ ಶುರುವಾದ ಪಂದ್ಯ ಆ ಹೊತ್ತಿಗೆ ಇನ್ನೂ ನಡೆಯುತ್ತಿರುತ್ತದೆ. ತಮ್ಮನ ಪ್ರತಿಗೆ ಈ ಅವಸರವಿಲ್ಲ. ಪಂದ್ಯ ಮುಗಿದ ಮೇಲೆ ಬದಲಾದ ಪುಟಗಳಿಗೆ ಮಾತ್ರ ಹೊಸ ಪ್ಲೇಟ್ ಹಾಕಿ ನಗರದ ಪ್ರತಿಗಳನ್ನು ಅಚ್ಚು ಮಾಡುತ್ತಾರೆ.

ಹೊಸ ಪ್ಲೇಟ್ ಹಾಕುವುದೂ ಸಣ್ಣ ಕೆಲಸವಲ್ಲ. ಬಣ್ಣದ ಒಂದು ಪುಟಕ್ಕೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಅಲ್ಯೂಮಿನಿಯಂ ಪ್ಲೇಟ್‌ಗಳು ಬೇಕು, ಅಂದರೆ 16 ಪುಟಗಳೂ ಬಣ್ಣದಲ್ಲಿದ್ದರೆ 64. ದೊಡ್ಡ ರೀಲಿನಿಂದ ಬಿಚ್ಚಿಕೊಳ್ಳುತ್ತ ಓಡುವ ಕಾಗದದ ಮೇಲೆ ಆ ನಾಲ್ಕು ಬಣ್ಣಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಚಿತ್ರದಲ್ಲಿನ ಮುಖ ಮಸುಕಾಗುತ್ತದೆ. ಯಂತ್ರ ಗಂಟೆಗೆ ಹತ್ತಾರು ಸಾವಿರ ಪ್ರತಿಗಳನ್ನು ಮುದ್ರಿಸಿ, ಕತ್ತರಿಸಿ, ಮಡಚಿ ಹೊರಹಾಕುತ್ತದೆ. ಆ ವೇಗದಲ್ಲಿ ಬಣ್ಣ ಸರಿದದ್ದನ್ನು ಕಂಡು ತಿದ್ದುವ ಮುದ್ರಣಾಲಯದವರ ಕೈಚಳಕಕ್ಕೆ ಸಲ್ಲಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಭಾವನೆ.

ದೇಶದಾದ್ಯಂತ ಓದುಗರಿರುವ ಪತ್ರಿಕೆಗಳಿಗೆ ಈ ದೂರದ ತೊಡಕು ಇನ್ನೂ ದೊಡ್ಡದಾಗಿತ್ತು. ಮದ್ರಾಸಿನ ‘ದಿ ಹಿಂದೂ’ 1963ರಲ್ಲಿ ಪ್ರತಿಗಳನ್ನು ಸಾಗಿಸಲು ಸ್ವಂತ ವಿಮಾನಗಳನ್ನೇ ಇಟ್ಟುಕೊಂಡಿತ್ತು. 1969ರಲ್ಲಿ ಪುಟದ ಪಡಿಯಚ್ಚನ್ನು ದೂರಸಂಪರ್ಕದ ಮೂಲಕ ಬೇರೆ ಊರಿಗೆ ಕಳುಹಿಸಿ ಅಲ್ಲೇ ಮುದ್ರಿಸುವ ಕ್ರಮವನ್ನು ಆರಂಭಿಸಿತು. ಈಗ ಪುಟಗಳು ಕಂಪ್ಯೂಟರ್ ಕಡತಗಳಾಗಿ ಕ್ಷಣಾರ್ಧದಲ್ಲಿ ಬೇರೆ ಬೇರೆ ನಗರಗಳ ಮುದ್ರಣಾಲಯಗಳನ್ನು ಸೇರುತ್ತವೆ. ಹೀಗಾಗಿ ಹತ್ತಿರದ ಮುದ್ರಣಾಲಯದಿಂದ ನಿಮ್ಮ ಮನೆಯವರೆಗಿನ ರಸ್ತೆಯ ತೊಡಕು ಮಾತ್ರ ಉಳಿದಿದೆ.

ನಿಮ್ಮ ಪ್ರತಿ ನಿಜವಾಗಿ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಸಾಲನ್ನು ಹುಡುಕಿ ಓದಿ. ಮುದ್ರಕರು, ಪ್ರಕಾಶಕರು ಯಾರು, ಅಚ್ಚಾದದ್ದು ಎಲ್ಲಿ ಎಂಬುದನ್ನು ಪ್ರತಿ ಸಂಚಿಕೆಯಲ್ಲೂ ಮುದ್ರಿಸಬೇಕೆಂಬ ನಿಯಮ 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಕಾಲದಿಂದಲೂ ಇದೆ.